ಬಂಗಲೆಯ ಯಮನವ್ವ

ಗೋಕಾಕದ ಹೊಳೆದಂಡೆಯ ಸಾಹೇಬರ ಬಂಗಲೆ ನೋಡಲು ನಾವು ಹುಕ್ಕೇರಿಯಿಂದ ಹೋದ ದಿನ, ಹೊತ್ತು ಇಳಿಯುವಾಗ ಮಳೆ ಹಿಡಿದುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಹಾಳುಬಿದ್ದಿದ್ದ ಆ ಹಳೇ ಮನೆಯನ್ನು ಊರವರು ರಿಪೇರಿ ಮಾಡಿಸಿ, ಪಿಯಾನೋ, ಊಟದ ಮೇಜು, ಗೋಡೆಗಡಿಯಾರ ಎಲ್ಲವನ್ನೂ ಸಾಹೇಬರ ಕಾಲದಲ್ಲಿದ್ದಂತೆಯೇ ಜೋಡಿಸಿ, ನೋಡುವವರಿಗೆ ತೆರೆದಿಟ್ಟಿದ್ದರು. ಒಂದು ಕೋಣೆಗೆ ಮಾತ್ರ ಬೀಗ. ಮಳೆ ನಿಲ್ಲಲಿ ಎಂದು ವರಾಂಡದಲ್ಲಿ ಕೂತವರು, ಗೇಟಿನಲ್ಲಿ ಪೇರಲಹಣ್ಣು ಮಾರುವ ಮುದುಕಿ ಫಕೀರವ್ವನನ್ನು ಆ ಬೀಗದ ಬಗ್ಗೆ ಕೇಳಿದೆವು. ಅವಳು ಬುಟ್ಟಿಯನ್ನು ಒಳಗೆಳೆದುಕೊಂಡು, ಎಲೆಅಡಿಕೆ ಹಾಕಿಕೊಂಡು ಶುರುಮಾಡಿದಳು.

“ಕೇಳಿ ಆದ ಮ್ಯಾಲೆ ಅಂಜಬ್ಯಾಡ್ರಿ ಮತ್ತ, ಅಂಜಿದವರು ಈ ಮಳಿಯಾಗ ಓಡಬೇಕಾಕ್ಕೈತಿ... ಅದು ಕೂಸಿನ ಖೋಲಿ. ನಾ ಸಣ್ಣಾಕಿದ್ದಾಗ ನಮ್ಮ ಓಣಿ ಯಮನವ್ವ ಅಲ್ಲಿ ಸಾಹೇಬನ ಕೂಸಿಗೆ ಮೊಲಿ ಕುಡಿಸಾಕ ಇದ್ಲು. ಆಕಿದೂ ಒಂದು ಕೂಸಿತ್ತು, ಇನ್ನೂ ಹಲ್ಲು ಬರದದ್ದು, ಮನ್ಯಾಗ. ಹೊರಗ ಹೋದ್ರ ಬ್ಯಾನಿ ತರ್ತಾಳ ಅಂತ ಆಕಿನ್ನ ಬಂಗ್ಲೆ ಬಿಟ್ಟು ಕಳಸ್ತಿರಲಿಲ್ಲ. ಹೆತ್ತಾಕಿಗೆ ಹೆಗ್ಗಣ ಮುದ್ದು ಅಂತಾರ... ಮುದ್ದು ಮಾಡಾಕ ಬಿಡಬೇಕಲ್ರಿ? ಸಾಹೇಬನ ಕೂಸು ಗುಂಡಗ ಆತು, ಆಕಿ ಕೂಸು ಹಾಲಿಲ್ಲದ ಸತ್ತಿತು. ಅದರ ಹಿಂದ ಆಕಿನೂ ಹೋದ್ಲು.

“ಬಂಗ್ಲೆ ರಿಪೇರಿ ಆದಾಗ ಗ್ವಂಬಿ ಬೇಕು ಅಂದ್ರು. ಸಾಹೇಬ, ಆತನ ಹೆಂಡ್ತಿ ಮಡಮ್ಮ, ತೊಟ್ಟಿಲ ಬಾಜೂಕ ದಾದಿ. ಕಟಿಗಿ ಗ್ವಂಬಿ ಅಂದ್ರ ನಮ್ಮೂರು ಹೆಸರಾದದ್ದು, ನಿಮಗ ಗೊತ್ತೈತಿ. ಗ್ವಂಬಿ ಮಾಡೋ ಅಣ್ಣಪ್ಪಗ ಕೆಲಸ ಕೊಟ್ರು. ಅಂವ ಸಣ್ಣಾಂವಿದ್ದಾಗ ಯಮನವ್ವನ್ನ ನೋಡಿದಾಂವ, ದಾದಿಗೆ ಅದ ಮಾರಿ ತಂದಿಟ್ಟ. ಅಲ್ಲಿಗೆ ಬಿಟ್ಟಿದ್ರ ಚಲೋ ಇತ್ತು... ಬಿಟ್ಟಾನೇನು? ಗೌರಿ ಮಾಡಿ ಮಾಡಿ ಪಳಗಿದ ಕೈ. ಗೌರಿಗೆ ಕಣ್ಣು ಬರದ ಕೂಡ್ಲೆ ಕನ್ನಡಿ ತೋರಸ್ತಾರ, ಹಾಲು-ಸಕ್ರಿ ಎಡಿ ಹಿಡೀತಾರ, ಜೀವ ಬರಲಿ ಅಂತ. ಸಾಹೇಬಗ ತೋರಸಲಿಲ್ಲ, ಅಂವೇನು ದೇವರ? ಆದ್ರ ಸೀರಿ ಉಟ್ಟ ಗ್ವಂಬಿಗೆ ಕಣ್ಣು ಬರದು, ಕೈರೂಢಿಲೆ ಕನ್ನಡಿ ತೋರಿಸಿ ಹಾಲು ಹಿಡದ. ಹಂಗ ಕರದ್ರ... ಆಕಿ ಬರದ ಇರ್ತಾಳೇನ್ರಿ?

“ನನ್ನ ಸೊಸಿ ಸತ್ತೆವ್ವಗ ಆಗ ಮೂರು ತಿಂಗಳ ಹೆಣ್ಣು ಕೂಸು. ಸೊಸಿದು ಬಾಯಿ ಜೋರು, ಮನಸು ಬೆಣ್ಣಿ. ಹತ್ತು ದೇವರಿಗೆ ಹರಕಿ ಹೊತ್ತು ಹಡದಿದ್ಲು. ಊರ ಮಂದಿ ಜೋಡಿ ಆಕಿನೂ ಕೂಸು ಎತಗೊಂಡು ಬಂಗ್ಲೆ ನೋಡಾಕ ಬಂದ್ಲು. ಹಸಿದು ಚೀರತಿದ್ದ ಕೂಸು ದಾದಿ ಮುಂದ ಗಪ್ ಆತು. ಮನಿಗೆ ಬಂದ್ರ ಮೊಲಿ ಹಿಡೀಲಿಲ್ಲ. ಮರದಿನಾನೂ ಇಲ್ಲ. ಆಕಳ ಹಾಲೂ ಉಗಳಿತು. ಸತ್ತೆವ್ವ ಅಳಕೋತ ತನ್ನ ಹಾಲು ನೆಲಕ್ಕ ಹಿಂಡತಿದ್ಲು. ಇನ್ನೇನು ಕೂಸು ಸೊರಗತೈತಿ ಅಂತ ನಾವು ಎದಿ ಹಿಡ್ಕೊಂಡು ಕುಂತ್ರ... ಸೊರಗಲಿಲ್ಲರಿ. ಗುಂಡಗ ಆತು. ಮುಂಜಾನೆ ಎದ್ದ್ರ ಕೂಸಿನ ಕಟಬಾಯಾಗ ಹಾಲು. ‘ಅತ್ತಿ, ನನ್ನ ಕೂಸಿಗೆ ಯಾರು ಕುಡಸಾಕತ್ತಾರ?’ ಅಂತ ಸೊಸಿ ಕೇಳಿದಾಗ ನನಗ ಆ ದಾದಿ ಗ್ವಂಬಿ ನೆನಪಾತು.

“ಅಣ್ಣಪ್ಪಗ ಹೋಗಿ ಹೇಳಿದ್ವಿ. ಪಾಪ, ಅಂವ ತಡ ಮಾಡಲಿಲ್ಲ. ಗ್ವಂಬಿ ಕಣ್ಣು ಅಳಿಸಿ, ಉಡಿ ತುಂಬಿ, ಗೌರಿನ ಕಳಿಸಿದಂಗ ಹೊಳಿಗೆ ಬಿಟ್ಟು ಬಂದ. ಕೂಸು ಇದ್ದವರು ಹೋಗಬಾರದು ಅಂತ ಖೋಲಿಗೆ ಬೀಗ ಬಿತ್ತು. ಅವತ್ತ ಸಂಜಿಗೆ ಕೂಸು ಸತ್ತೆವ್ವನ ಮೊಲಿ ಹಿಡೀತು. ಮುಗೀತು ಅಂದ್ಕೊಂಡ್ವಿ.

“ಹುಡುಗಿ ಈಗ ಸಾಲಿಗೆ ಹೊಕ್ಕಾಳ. ಶ್ಯಾಣ್ಯಾಕಿ. ಅಪ್ಪಗ ಅಪ್ಪ ಅಂತಾಳ, ನನಗ ಆಯಿ ಅಂತಾಳ. ಸತ್ತೆವ್ವಗ ಮಾತ್ರ ಒಮ್ಮೆನೂ ‘ಅವ್ವ’ ಅಂದಿಲ್ಲ. ಹಡದ ಹೊಟ್ಟಿಗೆ ಹೆಂಗ ಆಗಬೇಕ್ರಿ? ಹೋದ ವಾರ ಹುಡುಗಿಗೆ ಜ್ವರ ಬಂತು. ಕಣ್ಣು ಮುಚ್ಚಿ ಮಲಗಿದಾಕಿ, ‘ಅವ್ವಾ’ ಅಂದ್ಲು. ಸತ್ತೆವ್ವಗ ಹಿಡಿಸಲಾರದಷ್ಟು ಸಂತೋಷ ಆತು. ಓ ಅನ್ನಾಕೂ ಆಗದ ಸೆರಗು ಬಾಯಿಗಿಟ್ಟು ಅಳಾಕತ್ತಿದ್ಲು. ನಾನೂ ಬಾಯಿ ತೆರದಿಲ್ಲ. ಮನ್ಯಾಗ ಮತ್ತ್ಯಾರೂ ಇಲ್ಲ...”

ಮುದುಕಿ ಬುಟ್ಟಿಯ ಮೇಲೆ ಅರಿವೆ ಹೊದಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“ಹುಡುಗಿ ತಲಿಹತ್ರದಿಂದ ಯಾರೋ ‘ಓ’ ಅಂದ್ರು.”