ಎಡಚನ ಕಡ್ಡಿಕಟ್ಟು

ಹಲ್ಲಿನ ಡಾಕ್ಟರ ಬೆನ್ನಚೀಲದಲ್ಲಿ ಏನಿರಲಿಲ್ಲ ಅಂತ ಕೇಳಿ. ಮಡಚುವ ಗರಗಸ, ಕೈಗೊಡಲಿ, ಉಜ್ಜಿದರೆ ಕಿಡಿ ಹಾರುವ ಕಡ್ಡಿ, ಒಂದರೊಳಗೊಂದು ಕೂರುವ ಮೂರು ಪಾತ್ರೆ, ಅಂಗೈಯಗಲದ ಗ್ಯಾಸ್ ಒಲೆ. ಎಲ್ಲವೂ ಹೊಸತು, ಎಲ್ಲಕ್ಕೂ ಒಂದೊಂದು ಪುಟ್ಟ ಚೀಲ. ಒಲೆಯ ಸಿಲಿಂಡರ್ ಮಾತ್ರ ಮನೆಯ ಅಡುಗೆಕಟ್ಟೆಯ ಮೇಲೆ ಹಾಯಾಗಿ ಕೂತಿತ್ತು. ಬೆಳಗ್ಗೆ ಹೊರಟು ಕಾಡಿನಲ್ಲಿ ಆಲೂಗಡ್ಡೆ ಸುಟ್ಟು, ಚಹಾ ಕಾಯಿಸಿ ಕುಡಿದು, ಸಂಜೆಗೆ ಮನೆ ಸೇರುವುದು ಅಂತ ಆ ಭಾನುವಾರದ ಏರ್ಪಾಡು. ಮಧ್ಯಾಹ್ನ ಹನ್ನೆರಡಕ್ಕೆ ಮಳೆ ಹಿಡಿಯಿತು. ಹಳ್ಳ ದಾಟುವಾಗ ಡಾಕ್ಟರ ಹೆಂಡತಿ ಕಾಲು ಜಾರಿ ಕುತ್ತಿಗೆವರೆಗೆ ನೆನೆದರು.

ಐದು ಜನರ ಆ ಗುಂಪಿನಲ್ಲಿ ದಾರಿ ಗೊತ್ತಿದ್ದದ್ದು ಡಾಕ್ಟರ ಪಕ್ಕದ ಮನೆಯ ತಾತನಿಗೆ ಮಾತ್ರ. ಎಂಬತ್ತೊಂದರ ಮುದುಕರನ್ನು ಮಳೆಗಾಲದಲ್ಲಿ ಕಾಡಿಗೆ ಕರೆತರುವುದು ಜೊತೆಗೆ ಬಂದಿದ್ದ ಮೊಮ್ಮಗಳಿಗೂ ಅವಳ ಗಂಡನಿಗೂ ಇಷ್ಟವಿರಲಿಲ್ಲ. ಆದರೆ ತಾತ ಹಟ ಹಿಡಿದರೆ ಅಜ್ಜಿಯೊಬ್ಬರೇ ಬಗ್ಗಿಸಬಲ್ಲವರಾಗಿದ್ದರು, ಆ ಅಜ್ಜಿ ಹೋದ ವರ್ಷ ತೀರಿಕೊಂಡಿದ್ದರು. ಈಗ ಆ ಮುದುಕರೇ ಎಲ್ಲರನ್ನೂ ಚಾಚಿಕೊಂಡ ಬಂಡೆಯೊಂದರ ಕೆಳಗೆ ತಂದು ಕೂರಿಸಿದರು. ನೆಲ ಒಣಗಿತ್ತು, ನಡುವೆ ಮೂರು ಕಲ್ಲಿನ ಹಳೆಯ ಒಲೆಯಿತ್ತು.

ಡಾಕ್ಟರು ಮುಕ್ಕಾಲು ಗಂಟೆ ಕಿಡಿ ಹಾರಿಸಿದರು. ಕಿಡಿ ಚೆನ್ನಾಗಿಯೇ ಹಾರುತ್ತಿತ್ತು, ಹಸಿ ಸೌದೆಗೆ ಅದರ ಪರಿವೆಯೇ ಇರಲಿಲ್ಲ. ನರ್ಸ್ ಆಗಿದ್ದ ಮೊಮ್ಮಗಳು ಡಾಕ್ಟರ ಹೆಂಡತಿಯ ಒದ್ದೆ ಬಟ್ಟೆ ಬಿಚ್ಚಿಸಿ, ಎಲ್ಲರ ಸ್ವೆಟರುಗಳನ್ನೂ ಸುತ್ತಿ ಅಪ್ಪಿಕೊಂಡು ಕೂತಿದ್ದಳು. ಇದ್ದಕ್ಕಿದ್ದಂತೆ ಆಕೆಯ ನಡುಕ ನಿಂತಿತು. ಚಳಿ ಬಿಡದೆ ನಡುಕ ನಿಂತರೆ ಮೈ ಸೋಲುತ್ತಿದೆ, ಜೀವಕ್ಕೇ ಅಪಾಯ ಅಂತ ಅವಳಿಗೆ ಗೊತ್ತಿತ್ತು.

"ತಾತ, ಬೆಂಕಿ ಬೇಕೇ ಬೇಕು. ಈಗಲೇ."

ತಾತ ಬಂಡೆಯ ಗೋಡೆಯನ್ನೇ ನೋಡಿದರು. ಆಮೇಲೆ ಎದ್ದು, ತಲೆಯ ಮೇಲೆ ಬಂಡೆಯಲ್ಲಿದ್ದ ಒಂದು ಗೂಡಿನೊಳಗೆ ಕೈ ಹಾಕಿ, ಒಣ ಕಡ್ಡಿಗಳ ಒಂದು ಕಟ್ಟನ್ನು ತೆಗೆದು, ಅದರ ದಾರ ಬಿಚ್ಚಿ ಕೆಳಗೆ ಹಾಕಿದರು. ಒಂದೇ ಬೆಂಕಿಕಡ್ಡಿಗೆ ಕಡ್ಡಿಗಳೆಲ್ಲ ಹೊತ್ತಿಕೊಂಡವು.

ಅರ್ಧ ಗಂಟೆಯಲ್ಲಿ ಡಾಕ್ಟರ ಹೆಂಡತಿಯ ತುಟಿಗೆ ಬಣ್ಣ ಮರಳಿತು, ಚಹಾ ಕುದಿಯಿತು, ಡಾಕ್ಟರಿಗೆ ಮಾತು ಬಂತು. "ಅಲ್ಲಿ ಕಡ್ಡಿ ಇದೆ ಅಂತ ಗೊತ್ತಿದ್ದೂ ಸುಮ್ನೆ ಕೂತಿದ್ರಲ್ಲ ತಾತ, ನನ್ನ ಮಾನ ಹೋಗೋದನ್ನ ನೋಡೋಕಾ?"

ತಾತ ನಗಲಿಲ್ಲ. ಒಲೆಯ ಪಕ್ಕ ಬೆಂಕಿಯ ಬಿಸಿಗೆ ಒಣಗಿದ್ದ ಕೊರಡಿನಿಂದ ಒಂದು ಸೀಳು ತೆಗೆದುಕೊಂಡು, ಜೇಬಿನಿಂದ ಚಾಕು ಬಿಡಿಸಿ, ಕೆತ್ತುತ್ತ ಕೂತರು. ಹೊರಗೆ ಮಳೆ ಜೋರಾಯಿತು. ನಾಲ್ವರೂ ಹತ್ತಿರ ಸರಿದರು.

"ಹೇಳ್ತೀನಿ. ಇವತ್ತಿನವರೆಗೂ ಯಾರಿಗೂ ಹೇಳಿದ್ದಲ್ಲ... ನಡುವೆ ಬಾಯಿ ಹಾಕಬೇಡಿ ಅಷ್ಟೆ. ಆಗ ನನಗೆ ಇಪ್ಪತ್ನಾಲ್ಕು. ಅಚ್ಚುಕೂಟದಲ್ಲಿ ಮೊಳೆ ಜೋಡಿಸೋ ಕೆಲಸ. ಬೆಳಗ್ಗೆಯಿಂದ ಸೀಸದ ಅಕ್ಷರ ಹೆಕ್ಕಿ ಹೆಕ್ಕಿ ಬೆರಳೆಲ್ಲ ಕಪ್ಪು, ಇದ್ದ ಒಂದು ಕಿಟಕಿ ಹತ್ರ ಮಾಲೀಕರ ಮೇಜು, ನಮಗೆ ಬಲ್ಬಿನ ಬೆಳಕೇ ಗತಿ. ಭಾನುವಾರ ಬಂತು ಅಂದ್ರೆ ಹಗ್ಗ ಬಿಚ್ಚಿದ ಕರುಗಳ ಹಾಗೆ ಮೊದಲನೇ ಬಸ್ಸು ಹತ್ತಿ ಇಲ್ಲಿಗೆ ಓಡಿ ಬರ್ತಿದ್ವಿ. ನಾನು, ಮಿಷನ್ ನಡೆಸೋನು, ಪ್ರೂಫ್ ನೋಡೋ ಮೇಷ್ಟ್ರು, ಆಮೇಲೆ ಬೈಂಡರು. ಆ ಬೈಂಡರು ಎಲ್ಲಾನೂ ಎಡಗೈಲೇ ಮಾಡೋನು, ಅದಕ್ಕೇ ಅವನಿಗೆ ಎಡಚ ಅಂತಲೇ ಹೆಸರು ಬಿದ್ದುಹೋಗಿತ್ತು.

"ಡಾಕ್ಟ್ರೇ, ನಿಮ್ಮ ಹಾಗೆ ಅಂಗಡಿ ಸಾಮಾನು ನಾವೆಲ್ಲಿಂದ ತರೋಣ? ಕಾಗದ ಕತ್ತರಿಸೋ ಮಿಷನ್ನಿನ ಅಲಗು ಮುರಿದ್ರೆ ಎಡಚ ಅದನ್ನ ಕಲ್ಲಿಗೆ ಉಜ್ಜಿ ಉಜ್ಜಿ ಚಾಕು ಮಾಡೋನು. ರೀಮು ಸುತ್ತಿ ಬರೋ ದಪ್ಪ ಕಾಗದಕ್ಕೆ ಮೇಣ ಬಳಿದು, ನಾಲ್ಕು ಹಾಳೆ ಸೇರಿಸಿ ಹೊಲಿದ್ರೆ ಅದೇ ನಮ್ಮ ಸೂರು. ಬಿಸ್ಕತ್ತಿನ ಡಬ್ಬಕ್ಕೆ ತಂತಿ ಹಿಡಿ ಹಾಕಿದ್ರೆ ಅದೇ ಕೆಟಲು. ಅದರಲ್ಲಿ ಕಾಯಿಸಿದ ಚಹಾಕ್ಕೆ ಹೊಗೆ ವಾಸನೆ, ಬಿಸ್ಕತ್ತಿನ ವಾಸನೆ, ಒಂದೊಂದ್ಸಲ ನಮ್ಮ ಕೈಯ ಶಾಯಿ ವಾಸನೆ... ಅಂಥ ಚಹಾ ನಾನು ಮತ್ತೆ ಕುಡೀಲಿಲ್ಲ ಅಂದ್ರೆ ನಂಬ್ತೀರಾ? ಬೂದಿಲಿ ಸುಟ್ಟ ಈರುಳ್ಳಿಗೆ ಉಪ್ಪು ಹಾಕ್ಕೊಂಡು ತಿಂತಾ, ಮೇಷ್ಟ್ರು ಮಾಲೀಕರ ಹಾಗೆ ಮೂಗಲ್ಲಿ ಮಾತಾಡಿ ತೋರಿಸ್ತಾ, ನಾವು ಹೊಟ್ಟೆ ಹಿಡ್ಕೊಂಡು ನಗ್ತಾ... ಏನಿತ್ತು ಹೇಳಿ ನಮ್ಮ ಹತ್ರ? ಏನೂ ಇರಲಿಲ್ಲ. ಏನೂ ಕಮ್ಮಿನೂ ಇರಲಿಲ್ಲ.

"ಇಗೋ, ಹೀಗೆ ಕೆತ್ತೋದನ್ನ ಕಲಿಸಿದ್ದು ಎಡಚನೇ. ಒಣಕಡ್ಡಿಯಿಂದ ತೆಳ್ಳಗೆ ಸಿಪ್ಪೆ ಎಬ್ಬಿಸ್ತಾ ಹೋಗ್ಬೇಕು, ಬುಡದಲ್ಲಿ ಬಿಡಿಸ್ಬಾರದು, ಕೋಳಿ ಪುಕ್ಕದ ಹಾಗೆ ಸುರುಳಿ ನಿಲ್ಲಬೇಕು. ಎಂಥ ಮಳೇಲೂ ಇದು ಹೊತ್ಕೊಳ್ಳುತ್ತೆ. ನಾವು ಕೆತ್ತಿದ್ರೆ ಸುರುಳಿ ಬಲಕ್ಕೆ ಬಾಗ್ತಿತ್ತು, ಅವನು ಕೆತ್ತಿದ್ರೆ ಎಡಕ್ಕೆ. ಕಣ್ಣು ಮುಚ್ಚಿ ಸವರಿದ್ರೂ ಗೊತ್ತಾಗೋದು ಯಾರದ್ದು ಅಂತ. ಏಳು ಕಡ್ಡಿ ಕೆತ್ತಿ, ಬೈಂಡಿಂಗಿನ ಮೇಣದ ದಾರದಲ್ಲಿ ಕಟ್ಟಿ, ಆ ಗೂಡಿನಲ್ಲಿ ಇಟ್ಟು ಹೋಗೋದು ನಮ್ಮ ಕಟ್ಟಳೆ. ಮುಂದೆ ಯಾರು ಬಂದ್ರೂ, ಎಷ್ಟೇ ನೆಂದು ಬಂದ್ರೂ ಬೆಂಕಿ ಸಿಗಬೇಕು ಅಂತ. ಉರಿಸಿದವರು ಮತ್ತೆ ತುಂಬಿಸಿ ಹೋಗಬೇಕು. ಒಂದು ಕಟ್ಟು ಹಿಡಿಸೋ ಅಷ್ಟೇ ಜಾಗ ಅದರಲ್ಲಿ. ಒಬ್ಬೊಬ್ಬರದು ಒಂದೊಂದು ವಾರ ಸರದಿ.

"ಆ ಭಾನುವಾರ ನನ್ನ ಸರದಿ. ಇದ್ದ ಕಟ್ಟನ್ನ ಉರಿಸಿದ್ದೂ ಆಗಿತ್ತು. ಅವತ್ತು ಸಂಜೆ..." ತಾತ ಮೊಮ್ಮಗಳ ಮುಖ ನೋಡಿದರು. "ಅವತ್ತು ಸಂಜೆ ನಿಮ್ಮಜ್ಜಿ ಮೊದಲನೇ ಸಲ ನನ್ನ ಜೊತೆ ಸಿನಿಮಾಕ್ಕೆ ಬರ್ತೀನಿ ಅಂದಿದ್ಲು. ನಾಲ್ಕೂವರೆ ಬಸ್ಸು ತಪ್ಪಿದ್ರೆ ಕತೆ ಮುಗೀತು. ಕೆತ್ತೋಕೆ ಎಲ್ಲಿ ಮನಸ್ಸು ನಿಲ್ಲುತ್ತೆ? ಅವರು ಮೂರೂ ಜನ ದಾರಿಲಿ ಮುಂದೆ ಹೋಗಿದ್ರು, ನಾನು ಓಡಿ ಬಂದು ಸೇರ್ಕೊಂಡೆ. ಎಡಚ ಕೇಳಿದ, 'ಇಟ್ಯೇನೋ?' 'ಹ್ಞೂಂ, ಇಟ್ಟೆ' ಅಂದೆ. ಅಷ್ಟೇ... ಅದೊಂದೇ ಮಾತು. ಆ ಗಡಿಬಿಡೀಲಿ ಕೆಟಲನ್ನೂ ಇಲ್ಲೇ ಮರೆತುಬಂದಿದ್ದೆ.

"ಬುಧವಾರ ಮಿಷನ್ ಕೆಟ್ಟು ಅಚ್ಚುಕೂಟಕ್ಕೆ ರಜೆ ಕೊಟ್ರು. ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಎಡಚ ನಾನು ಮರೆತ ಕೆಟಲು ತರೋಕೆ ಒಬ್ಬನೇ ಬಂದ. ಮಳೆ ಹಿಡೀತು, ಹಳ್ಳ ಏರಿತು, ಆಚೆಗೆ ದಾಟೋ ಹಾಗಿಲ್ಲ. ಚಳಿ ಎಂಥದು ಅಂತ ಈಗ ನೋಡಿದ್ರಲ್ಲ. ಒಣಕಡ್ಡಿ ಅವನು ತಂದಿರಲಿಲ್ಲ. ಯಾಕೆ ತರ್ತಾನೆ? ನಾನು ಇಟ್ಟಿದ್ದೀನಿ ಅಂದಿದ್ದೆನಲ್ಲ.

"ಗುರುವಾರ ಹುಡುಕ್ಕೊಂಡು ಬಂದವರಲ್ಲಿ ನಾನೂ ಇದ್ದೆ. ಇದೇ ಗೋಡೆಗೆ ಒರಗಿ ಕೂತಿದ್ದ. ಗೀರಿ ಆರಿಹೋದ ಬೆಂಕಿಕಡ್ಡಿಗಳು ಕಾಲ ಹತ್ರ ರಾಶಿ ಬಿದ್ದಿದ್ವು, ಎಡಗೈಲಿ ಚಾಕು ಇತ್ತು, ತೊಡೆ ಮೇಲೆ ಅರ್ಧ ಕೆತ್ತಿದ ಹಸಿ ಕಡ್ಡಿ ಇತ್ತು. ಎಲ್ಲರೂ ಪಾಪ, ಹಳ್ಳ ಏರಿ ಹೀಗಾಯ್ತು ಅಂದ್ರು. ನಾನೂ ಹೌದು ಅಂದೆ."

ತಾತ ಮೂರನೆಯ ಕಡ್ಡಿ ಮುಗಿಸಿ ನಾಲ್ಕನೆಯದನ್ನು ಎತ್ತಿಕೊಂಡರು.

"ಎರಡು ತಿಂಗಳು ಬಿಟ್ಟು ಒಬ್ಬನೇ ಬಂದೆ, ಏಳು ಕಡ್ಡಿ ಕೆತ್ತಿ ಕಟ್ಕೊಂಡು. ಸತ್ತವನಿಗೆ ಅದರಿಂದ ಏನು ಸಿಗುತ್ತೆ ಹೇಳಿ? ಆದ್ರೂ ನನಗೆ ಇಡಬೇಕಿತ್ತು. ಗೂಡಿಗೆ ಕೈ ಹಾಕಿದೆ... ಜಾಗ ಇಲ್ಲ. ಒಳಗೆ ಒಂದು ಕಟ್ಟು ಇದೆ. ಏಳು ಕಡ್ಡಿ, ಆಗಷ್ಟೇ ಕೆತ್ತಿದ ಹಾಗೆ ಬಿಳೀ ಬಣ್ಣ, ಸುರುಳಿ ಎಲ್ಲ ಎಡಕ್ಕೆ."

"ಬೇರೆ ಯಾರೋ ಎಡಗೈಯವರು ಇಟ್ಟಿರಬಹುದಲ್ಲ ತಾತ?" ಅಂದರು ಡಾಕ್ಟರು.

"ಇರಬಹುದು ಅಂತ ನಾನೂ ಒಂದು ವರ್ಷ ನಂಬಿದೆ. ಪ್ರತಿ ಭಾನುವಾರ ಬಂದೆ. ಆಮೇಲೆ ತಿಂಗಳಿಗೊಂದು ಸಲ, ಆಮೇಲೆ ವರ್ಷಕ್ಕೊಂದು ಸಲ. ಯಾವಾಗ ಬಂದ್ರೂ ಕಟ್ಟು ಹೊಸದು, ಗೂಡು ತುಂಬಿರೋದು. ಅಚ್ಚುಕೂಟ ಮುಚ್ಚಿ ಮೂವತ್ತು ವರ್ಷ ಆಯ್ತು, ಆ ಮೇಣದ ದಾರ ಈಗ ಯಾವ ಅಂಗಡೀಲೂ ಇಲ್ಲ... ನಿಮ್ಮ ಕಾಲ ಹತ್ರ ಬಿದ್ದಿರೋ ದಾರ ಎತ್ತಿ ನೋಡಿ ಡಾಕ್ಟ್ರೇ, ಹಳೇದು ಅನ್ಸುತ್ತಾ? ಅವನ ಕಟ್ಟನ್ನ ತೆಗೆದು ನಂದು ಇಡೋಕೆ ಕೈ ಬರಲಿಲ್ಲ. ಉರಿಸೋಕಂತೂ ಯಾವ ಮುಖ ಇಟ್ಕೊಂಡು ಉರಿಸ್ಲಿ? ಕೆತ್ಕೊಂಡು ಬರೋದು, ಕೈ ಹಾಕಿ ನೋಡೋದು, ವಾಪಸ್ ಹೋಗೋದು. ಐವತ್ತೇಳು ವರ್ಷ ಇದೇ ಆಯ್ತು."

"ಅಜ್ಜಿಗೆ ಗೊತ್ತಿತ್ತಾ ತಾತ?" ಮೊಮ್ಮಗಳು ಕೇಳಿದಳು.

"ಏನಂತ ಹೇಳ್ಲಿ ಪುಟ್ಟಿ? ನಿನ್ನ ಜೊತೆ ಸಿನಿಮಾ ನೋಡೋಕೆ ಓಡಿಬಂದು ಅವನನ್ನ ಸಾಯಿಸಿದೆ ಅಂತ ಹೇಳ್ಲಾ? ಅವಳು ಆ ಸಿನಿಮಾ ಟಿಕೆಟನ್ನ ಪೆಟ್ಟಿಗೇಲಿ ಇಟ್ಕೊಂಡಿದ್ಲು. ನಾನು ಅವಳ ಜೊತೆ ಸುಖವಾಗಿದ್ದೆ ಕಣೇ, ಅದೇ ನನಗೆ ದೊಡ್ಡ ಸಂಕಟ."

ನಾಲ್ಕು ಗಂಟೆಯ ಹೊತ್ತಿಗೆ ಮಳೆ ಹಿಡಿತ ಬಿಟ್ಟಿತು. ತಾತ ಏಳನೆಯ ಕಡ್ಡಿ ಮುಗಿಸಿ, ಡಾಕ್ಟರ ಕೈಯಿಂದ ಅದೇ ದಾರವನ್ನು ಇಸಿದುಕೊಂಡು ಕಟ್ಟಿದರು. ಮುಖದಲ್ಲಿ ಅಂಜಿಕೆಯೂ ಆಸೆಯೂ ಒಟ್ಟಿಗೇ ಇದ್ದವು. ತಾತ ಹಾಗೆ ಕಂಡದ್ದನ್ನು ಮೊಮ್ಮಗಳು ಹಿಂದೆಂದೂ ನೋಡಿರಲಿಲ್ಲ.

"ಇವತ್ತು ಖಾಲಿ ಇದೆ. ನಾನೇ ಕೈಯಾರೆ ಖಾಲಿ ಮಾಡಿದ್ದು, ನೀವೆಲ್ಲ ನೋಡಿದ್ದೀರಿ. ಇಡಮ್ಮ... ನನಗೆ ಕೈ ಎತ್ತೋಕೆ ಆಗ್ತಿಲ್ಲ."

ಅವಳು ಕಟ್ಟನ್ನು ತೆಗೆದುಕೊಂಡು, ತುದಿಗಾಲಲ್ಲಿ ನಿಂತು ಗೂಡಿಗೆ ಕೈ ಹಾಕಿದಳು. ಬೆರಳಿಗೆ ತೆಳ್ಳನೆಯ ಸುರುಳಿಗಳು ತಾಕಿದವು. ಒಂದು, ಎರಡು, ಏಳರವರೆಗೂ ಎಣಿಸಿದಳು. ಸವರಿ ನೋಡಿದಳು. ಎಲ್ಲವೂ ಒಂದೇ ಕಡೆಗೆ ಬಾಗಿದ್ದವು, ತಾತ ಕೆತ್ತಿದ್ದಕ್ಕೆ ಎದುರು ದಿಕ್ಕಿಗೆ. ಇಡೀ ಮಧ್ಯಾಹ್ನ ಐದೂ ಜನ ಆ ಗೂಡಿನಿಂದ ಎರಡು ಮಾರು ದೂರದಲ್ಲೇ ಕೂತಿದ್ದರು, ಬೆಂಕಿ ಹೊತ್ತಿದ ಮೇಲೆ ಒಬ್ಬರೂ ಎದ್ದಿರಲಿಲ್ಲ.

ತಾತ ತಿರುಗಿ ನೋಡಲಿಲ್ಲ. "ತುಂಬಿದೆಯಾ?"

"ಹ್ಞೂಂ ತಾತ."

ಡಾಕ್ಟರು ಎದ್ದು ನಿಂತರು. ಮೊಮ್ಮಗಳ ಗಂಡ ಬೆಂಕಿ ಆರಿಸಿ ಹೊರಟುಬಿಡೋಣ ಅಂತ ನೀರಿನ ಪಾತ್ರೆ ಎತ್ತಿದ. ತಾತ ಅವನ ಮಣಿಕಟ್ಟು ಹಿಡಿದರು. ಕಣ್ಣಲ್ಲಿ ನೀರಿತ್ತು, ಆದರೆ ದನಿ ಮೆತ್ತಗಿತ್ತು, ಬಹಳ ದಿನಕ್ಕೆ ಮನೆಗೆ ಬಂದವರ ಎದುರು ಮಾತಾಡುವ ಹಾಗೆ.

"ಈಗಲೇ ಆರಿಸ್ಬೇಡಪ್ಪ. ನಾನೆಂಥ ದಡ್ಡ ನೋಡು, ಇಷ್ಟು ವರ್ಷ ಕಡ್ಡಿ ತಂದು ತಂದು ವಾಪಸ್ ಹೋದೆ, ಇಲ್ಲಿ ಒಂದು ಸಲನೂ ಬೆಂಕಿ ಹಚ್ಚಲಿಲ್ಲ... ಇನ್ನೊಂದು ಕೊರಡು ಹಾಕು. ಆ ಕಡೆ ಸ್ವಲ್ಪ ಸರಿದು ಕೂತ್ಕೊಳ್ಳಿ ಎಲ್ಲರೂ. ನಮಗೆ ಬೆಚ್ಚಗಾಯ್ತು. ಅವನು ಇನ್ನೂ ನಡುಗ್ತಾ ಇದ್ದಾನೆ."