ತೊಳೆದು ಮತ್ತೆ ಬಳಸಿದ ಪರೀಕ್ಷಾ ಪಟ್ಟಿಗಳ ಬಗ್ಗೆ

ನನ್ನ ಹೆಸರು, ತಂದೆಯ ಹೆಸರು ಮತ್ತು ಮನೆ ವಿಳಾಸವನ್ನು ಗುರುತಿನ ಚೀಟಿ ನೋಡಿ ಮೊದಲ ಹಾಳೆಯಲ್ಲಿ ಬರೆದುಕೊಳ್ಳಲಾಗಿದೆ. ವಯಸ್ಸು ಇಪ್ಪತ್ತೊಂದು. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಮೊಬೈಲ್ ರಿಪೇರಿ ಅಂಗಡಿ, ಟೈರ್ ಅಂಗಡಿ, ಮುದ್ರಣಾಲಯ, ಎಲ್ಲಿಯೂ ಆರು ತಿಂಗಳು ನಿಂತವನಲ್ಲ. ಹತ್ತು ತಿಂಗಳಿಂದ ಡಯಾಲಿಸಿಸ್ ಕೇಂದ್ರದಲ್ಲಿ ಸಹಾಯಕನಾಗಿದ್ದೇನೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಕೇಂದ್ರದ ಹಾಲ್‌ನಲ್ಲಿ ಹನ್ನೆರಡು ಕುರ್ಚಿಗಳಿವೆ. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಮೂರು ದಿನ ಬಂದು ನಾಲ್ಕು ಗಂಟೆ ಕೂತು ರಕ್ತ ಶುದ್ಧ ಮಾಡಿಸಿಕೊಳ್ಳುತ್ತಾರೆ. ನನ್ನ ತಾಯಿಯೂ ಅವರಲ್ಲಿ ಒಬ್ಬರು. ಕೇಂದ್ರದ ಮ್ಯಾನೇಜರ್ ತಾಯಿಯ ತಮ್ಮ, ಅಂದರೆ ನನ್ನ ಸೋದರಮಾವ. ಕೆಲಸ ಕೊಡಿಸಿದವರು ಅವರೇ.

ಜ್ವರದ ವೈರಸ್ ಹಾಲ್‌ಗೆ ಹೋಗಬಾರದೆಂದು ಬಾಗಿಲಲ್ಲೇ ಪ್ರತಿಯೊಬ್ಬರ ಉಗುಳು ಪರೀಕ್ಷೆ ಆಗಬೇಕು. ಅದಕ್ಕೆ ಅಂಗೈಯಷ್ಟು ಯಂತ್ರವಿದೆ. ಅರ್ಧ ಬೆರಳುದ್ದದ ಪಟ್ಟಿಯನ್ನು ಅದರೊಳಗೆ ಸಿಕ್ಕಿಸಿ, ಪಟ್ಟಿಯ ತುದಿಗೆ ಒಂದು ಹನಿ ಉಗುಳು ಬಿಡುತ್ತಾರೆ. ತುದಿಯಲ್ಲಿ ಮೂರು ಕಪ್ಪು ಗೆರೆಗಳಿವೆ. ನಡುವಿನ ಗೆರೆಯ ಮೇಲೆ ವೈರಸ್ಸನ್ನು ಹಿಡಿದುಕೊಳ್ಳುವ ಲೇಪವಿದೆ. ವೈರಸ್ ಅಂಟಿದರೆ ಕರೆಂಟ್ ಹರಿಯುವುದಕ್ಕೆ ಅಡ್ಡಿಯಾಗಿ ನಂಬರ್ ಏರುತ್ತದೆ. ಹತ್ತು ನಿಮಿಷದಲ್ಲಿ ನಂಬರ್ ನಲವತ್ತು ದಾಟಿದರೆ ವೈರಸ್ ‘ಇದೆ’, ಒಳಗಿದ್ದರೆ ‘ಇಲ್ಲ’. ಒಂದು ಪಟ್ಟಿ ಒಬ್ಬರಿಗೆ, ಒಂದೇ ಸಲ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್. ಎಲ್ಲರೂ ಅವರನ್ನು ಟೆಸ್ಟ್ ಅಕ್ಕ ಎನ್ನುತ್ತಾರೆ.

ಕಳೆದ ತಿಂಗಳು ಇಪ್ಪತ್ತೆರಡರಂದು ಪಟ್ಟಿಗಳ ಪೆಟ್ಟಿಗೆ ಬರುವುದು ತಡವಾಯಿತು. ಮಧ್ಯಾಹ್ನ 3.15ಕ್ಕೆ ಮಾವ ನನ್ನನ್ನು ಟೀ ಮಾಡುವ ಕೋಣೆಗೆ ಕರೆದು, ಬಳಸಿ ಬಿಸಾಡಿದ ಪಟ್ಟಿಗಳ ಚೀಲ ಕೊಟ್ಟು ತೊಳೆಯಲು ಹೇಳಿದರು. ಒಂದೇ ಸಲದ ಪಟ್ಟಿಯಲ್ಲವೇ ಎಂದು ಕೇಳಿದೆ. ‘ಚಮಚ ಬಾಯಿಗಿಟ್ಟು ತೊಳೆದಿಡಲ್ವೇನೋ? ಇದೂ ಹಾಗೇ’ ಎಂದರು. ತೊಳೆದದ್ದು ಸಾಕೋ ಸಾಲದೋ ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಅವರು ಒಂದು ಪಟ್ಟಿಯನ್ನು ನನ್ನಿಂದ ತೊಳೆಸಿ, ತಮ್ಮ ಕೋಣೆಯಲ್ಲಿದ್ದ ಹೆಚ್ಚುವರಿ ಯಂತ್ರಕ್ಕೆ ಸಿಕ್ಕಿಸಿ ಒಂದು ಹನಿ ನಲ್ಲಿ ನೀರು ಬಿಟ್ಟರು. ನಂಬರ್ ಮೂವತ್ತೊಂದು ಬಂತು. ‘ನೋಡು, ಇನ್ನೂ ಕೊಳೆ ಇದೆ. ಹತ್ತರ ಕೆಳಗೆ ಬರೋವರೆಗೂ ತಿಕ್ಕು’ ಎಂದರು. ಅಂದಿನಿಂದ ಅದೇ ನಿಯಮವಾಯಿತು.

ಟೀ ಲೋಟ ತೊಳೆಯುವ ಸಿಂಕಿನಲ್ಲೇ ತೊಳೆಯುತ್ತಿದ್ದೆ. ಪಾತ್ರೆ ಸೋಪು, ಹಲ್ಲುಜ್ಜುವ ಬ್ರಶ್, ಕೊನೆಗೆ ಸ್ಪಿರಿಟ್. ಒಣಗಿಸಲು ಕೂದಲಿಗೆ ಹಿಡಿಯುವ ಡ್ರೈಯರ್. ಪಟ್ಟಿಗಳ ಮೇಲೆ ಒಣಗಿದ ಉಗುಳು ಬಿಳಿ ಪೊರೆಯಾಗಿ ನಿಂತಿರುತ್ತಿತ್ತು. ಕೆಮ್ಮಿನ ಮಾತ್ರೆಯ ಕೆಂಪು ಬಣ್ಣ, ತಿಂಡಿಯ ಚೂರು, ಕೆಲವುಗಳಲ್ಲಿ ದಾರದಂತೆ ಎಳೆಯುವ ಕಫ. ಬಿಸಿ ಗಾಳಿ ಹಿಡಿದಾಗ ಅದೆಲ್ಲದರ ವಾಸನೆ ಮುಖಕ್ಕೆ ಬರುತ್ತಿತ್ತು. ಪಕ್ಕದಲ್ಲೇ ಸಿಬ್ಬಂದಿಯ ಲೋಟಗಳು ಬೋರಲು ಬಿದ್ದಿರುತ್ತಿದ್ದವು. ನಾನು ಅಲ್ಲಿ ಟೀ ಕುಡಿಯುವುದು ಬಿಟ್ಟೆ. ಬೇರೆಯವರಿಗೆ ಹೇಳಲಿಲ್ಲ.

ಒಂದು ವಾರದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ ಎರಡೇ ನಿಮಿಷ ತಿಕ್ಕಿ ಪಟ್ಟಿಯ ನಂಬರನ್ನು ಹತ್ತರ ಕೆಳಗೆ ಇಳಿಸುತ್ತಿದ್ದೆ. ‘ಭೇಷ್ ಕಣೋ, ಓದಿದ್ದಿದ್ರೆ ನಿನಗೆ ಇದು ಬರ್ತಿತ್ತಾ?’ ಎಂದು ಮಾವ ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಈ ತಿಂಗಳು ಎರಡರಂದು ಮೂರು ಪೆಟ್ಟಿಗೆ ಹೊಸ ಪಟ್ಟಿ ಬಂದವು. ಮಾವ ಅವನ್ನು ತಮ್ಮ ಕೋಣೆಯ ಬೀರುವಿನಲ್ಲಿಟ್ಟು, ಮತ್ತೆ ಯಾವಾಗ ತಡವಾಗುತ್ತದೋ ಏನೋ, ತೊಳೆಯುವುದು ಮುಂದುವರಿಯಲಿ ಎಂದರು. ಪಟ್ಟಿಗಳು ಪ್ಯಾಕೆಟ್ಟಿಲ್ಲದೆ ಬರಿಯ ಟ್ರೇಯಲ್ಲಿ ಬರುವುದೇಕೆ ಎಂದು ಟೆಸ್ಟ್ ಅಕ್ಕ ಮೂರರಂದು ಕೇಳಿದರು. ‘ಒಳಗೇ ಬಿಡಿಸಿ ಕೊಡ್ತಿದೀವಿ ಮೇಡಂ, ನಿಮಗೆ ಕೆಲಸ ಹಗುರ ಆಗ್ಲಿ ಅಂತ’ ಎಂದು ಮಾವ ಹೇಳಿದರು. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಪಟ್ಟಿ ತೊಳೆದದ್ದೆಂದು ಟೆಸ್ಟ್ ಅಕ್ಕನಿಗೆ ಯಾವತ್ತೂ ತಿಳಿದಿರಲಿಲ್ಲ.

ಒಂಬತ್ತನೇ ತಾರೀಖು ಮಧ್ಯಾಹ್ನ 12.40ಕ್ಕೆ ಮಾವ ಊಟಕ್ಕೆ ಹೋಗಿದ್ದರು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಖಾಲಿ ಪೆಟ್ಟಿಗೆಯಲ್ಲಿದ್ದ ಸೂಚನೆ ಚೀಟಿ ಓದಿದೆ. ಪ್ರತಿ ಪೆಟ್ಟಿಗೆಯ ಜೊತೆ ಸತ್ತ ವೈರಸ್ ಇರುವ ಒಂದು ಪುಟ್ಟ ಸೀಸೆ ಬರುತ್ತದೆ, ದಿನಾ ಬೆಳಿಗ್ಗೆ ಅದರ ಒಂದು ಹನಿ ಹಾಕಿ ನೋಡಬೇಕು, ನಂಬರ್ ಎಂಬತ್ತು ದಾಟದಿದ್ದರೆ ಆ ಪಟ್ಟಿಗಳನ್ನು ಬಳಸಬಾರದು ಎಂದಿತ್ತು. ಸೀಸೆ ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಪಕ್ಕದಲ್ಲಿತ್ತು. ಪೆಟ್ಟಿಗೆಗಳು ಮಾವನ ಬೀರುವಿಗೆ ಹೋದ್ದರಿಂದ ಅದು ಟೆಸ್ಟ್ ಅಕ್ಕನ ಕೈ ಸೇರಿರಲಿಲ್ಲ, ಸೀಲ್ ಒಡೆದಿರಲಿಲ್ಲ. ನಾನು ಒಡೆದೆ. ತೊಳೆದ ಪಟ್ಟಿಗೆ ಒಂದು ಹನಿ ಹಾಕಿದೆ. ಎಂಟು ಬಂತು. ಇನ್ನೊಂದಕ್ಕೆ ಆರು. ಮೂರನೆಯದಕ್ಕೆ ಒಂಬತ್ತು. ಬೀರುವಿನ ಬೀಗದಕೈ ಮೊಳೆಗೆ ನೇತಾಡುತ್ತಿತ್ತು. ಹೊಸ ಪಟ್ಟಿಯೊಂದನ್ನು ತೆಗೆದು ಹಾಕಿದೆ. ಎಂಬತ್ತೆಂಟು.

ಸೋಪಿಗೆ ಹೋಗಿದ್ದು ಕೊಳೆಯಲ್ಲ, ವೈರಸ್ ಹಿಡಿಯುವ ಲೇಪ. ಲೇಪ ಹೋದ ಬರಿಯ ಗೆರೆಯಲ್ಲಿ ಕರೆಂಟ್ ಸರಾಗವಾಗಿ ಹರಿದು ನಂಬರ್ ಇಳಿಯುತ್ತದೆ, ಅಂಥ ಪಟ್ಟಿ ಯಾರ ಉಗುಳಿಗಾದರೂ ‘ಇಲ್ಲ’ ಎಂದೇ ಹೇಳುತ್ತದೆ. ನಾವು ಯಾವುದನ್ನು ಶುದ್ಧ ಎಂದುಕೊಂಡಿದ್ದೆವೋ ಅದು ಹಾಳಾದದ್ದರ ಗುರುತು. ನಾನು ಎಷ್ಟು ಚೆನ್ನಾಗಿ ತಿಕ್ಕಿದೆನೋ ಪಟ್ಟಿ ಅಷ್ಟು ಕೆಟ್ಟಿತ್ತು.

1.25ಕ್ಕೆ ಮಾವ ಬಂದ ಕೂಡಲೇ ನಾಲ್ಕು ನಂಬರುಗಳನ್ನೂ ಹೇಳಿದೆ. ಯಾವ ಕಾಲೇಜಿನಲ್ಲಿ ಕಲಿತೆ ಎಂದು ಕೇಳಿದರು. ಚೀಟಿಯಲ್ಲೇ ಇದೆ ಎಂದೆ. ‘ಉಂಡ ಮನೆ ಜಂತೆ ಎಣಿಸ್ತೀಯಾ?’ ಎಂದು ಬೈದರು. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ‘ಲೋ, ನಿಮ್ಮಮ್ಮನಿಗೆ ಯಾವತ್ತೂ ಹೊಸದೇ ಕೊಟ್ಟಿದೀನಿ. ಸ್ವಂತ ಅಕ್ಕನಿಗೆ ಎಂಜಲು ಕೊಡೋನು ಅಂದ್ಕೊಂಡ್ಯಾ ನನ್ನ?’ ಎಂದರು. ಬೀರುವಿನಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಅದರ ಮೇಲೆ ‘ಮನೆಯವರಿಗೆ’ ಎಂದು ಅವರದೇ ಅಕ್ಷರದಲ್ಲಿ ಬರೆದಿತ್ತು. ಒಳಗೆ ಹೊಸ ಪಟ್ಟಿಗಳಿದ್ದವು. ಬಾಯಿ ಬಿಟ್ಟರೆ ಅಮ್ಮನಿಗೆ ಈ ಕೇಂದ್ರದಲ್ಲಿ ಕುರ್ಚಿ ಇರುವುದಿಲ್ಲ ಎಂದೂ ಹೇಳಿದರು.

ನಾನು ಹೋಗಿ ಸಿಂಕಿನಲ್ಲಿದ್ದ ಟೀ ಲೋಟಗಳನ್ನು ತೆಗೆದಿಟ್ಟೆ. ಸಿಂಕ್ ತೊಳೆದೆ. 2.10ಕ್ಕೆ ಮತ್ತೆ ಪಟ್ಟಿ ತಿಕ್ಕಲು ಕುಳಿತೆ. ಅಂದು ಇಪ್ಪತ್ತನಾಲ್ಕು, ಮರುದಿನ ಇಪ್ಪತ್ತೆರಡು ತೊಳೆದಿದ್ದೇನೆ.

ಹನ್ನೊಂದರಂದು ಬೆಳಿಗ್ಗೆ 7.05ಕ್ಕೆ ಮೊದಲ ಸರದಿಯವರು ಬಂದರು. ಸಾಲಿನಲ್ಲಿ ನನ್ನ ತಾಯಿ, ಅವರ ಹಿಂದೆ ದರ್ಜಿ ಅಜ್ಜ. ಅಜ್ಜನಿಗೆ ಎಪ್ಪತ್ತು ದಾಟಿತ್ತು. ನಾಲ್ಕು ವರ್ಷದಿಂದ ಬರುತ್ತಿದ್ದವರು. ನನ್ನನ್ನು ನೋಡಿ, ‘ಏನಯ್ಯಾ, ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕ್ಕೊಂಡಿದೀಯ, ನನ್ನ ಕಸುಬಿಗೇ ಅವಮಾನ’ ಎಂದರು. ಉಗುಳು ಕೊಡುವಾಗ, ‘ಮನೇಲಿ ಉಗುಳಿದ್ರೆ ಸೊಸೆ ಬೈತಾಳೆ, ಇಲ್ಲಿ ಬಟ್ಟಲು ಹಿಡ್ಕೊಂಡು ಕಾಯ್ತೀರಿ’ ಎಂದು ನಕ್ಕರು. ನಗು ಕೆಮ್ಮಾಗಿ ತಿರುಗಿ ಗೋಡೆ ಹಿಡಿದು ನಿಂತರು. ಟೆಸ್ಟ್ ಅಕ್ಕ ಕುರ್ಚಿ ಕೊಟ್ಟು, ಜ್ವರ ಇದೆಯೇ ಎಂದು ಕೇಳಿದರು. ಗಂಟಲು ಕೆರೆತ ಅಷ್ಟೇ ಎಂದರು.

ತಾಯಿಯ ಪಟ್ಟಿ ಲಕೋಟೆಯದು. ತಾಯಿಯ ಸರದಿಗೆ ಕೈಗೆ ಸಿಗಲೆಂದು ಅದನ್ನು ಟ್ರೇಯ ಬಲತುದಿಯಲ್ಲಿ ಇಟ್ಟವನು ನಾನು. ಅಜ್ಜನ ಪಟ್ಟಿ ನಾನು ತಿಕ್ಕಿದ್ದು. ತಾಯಿಗೆ ಹದಿನಾಲ್ಕು ಬಂತು. ಅಜ್ಜನಿಗೆ ಏಳು. ಎರಡಕ್ಕೂ ‘ಇಲ್ಲ’ ಎಂದು ಚೀಟಿ ಬಂದವು. ಟೆಸ್ಟ್ ಅಕ್ಕ ಎರಡು ಸಲ ಯಂತ್ರ ನೋಡಿದರು. ‘ಇಷ್ಟು ಕೆಮ್ಮಿದ್ರೂ ಏಳೇನಾ?’ ಎಂದರು. ಇನ್ನೊಂದು ಪಟ್ಟಿ ಕೇಳಿದರು. ನಾನು ಟ್ರೇಯಿಂದಲೇ ಕೊಟ್ಟೆ. ಐದು ಬಂತು. ಅಜ್ಜ ಐದನೇ ಕುರ್ಚಿಯಲ್ಲಿ 11.30ರವರೆಗೆ ಕೂತಿದ್ದರು. ಹಾಲ್‌ನಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದರು.

ಹದಿಮೂರರಂದು ಅಜ್ಜ ಬರಲಿಲ್ಲ. ಹದಿನಾಲ್ಕಕ್ಕೆ ದೊಡ್ಡಾಸ್ಪತ್ರೆಯವರು ವೈರಸ್ ಇದೆ ಎಂದು ಹೇಳಿದರು. ಹದಿನೈದರ ಸಂಜೆ 4 ಗಂಟೆಗೆ ತೀರಿಕೊಂಡರು. ಆ ಸರದಿಯ ನಾಲ್ವರಿಗೆ ಜ್ವರ ಬಂದಿದೆ. ಟೆಕ್ನಿಷಿಯನ್ ಅಜಾಗರೂಕತೆಯಿಂದ ಯಂತ್ರ ತಪ್ಪಾಗಿ ಬಳಸಿದ್ದೇ ಕಾರಣ ಎಂದು ಮಾವ ನಿನ್ನೆ ದೂರು ಕೊಟ್ಟಿದ್ದಾರೆ.

ಇಂದು ಬೆಳಿಗ್ಗೆ 8 ಗಂಟೆಗೆ ತಾಯಿಗೆ ಎಲ್ಲವನ್ನೂ ಹೇಳಿದೆ. ಕುರ್ಚಿಯ ವಿಷಯವನ್ನೂ ಹೇಳಿದೆ. ಅವರು, ‘ಆ ಅಜ್ಜ ನನ್ನ ಹಿಂದೇ ನಿಂತಿದ್ರಲ್ಲೋ’ ಎಂದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ, ಬೇರೆ ಕೇಂದ್ರ ಎಲ್ಲಿದೆಯೋ ವಿಚಾರಿಸಿಕೊಂಡು ಬಾ ಎಂದರು.

9.10ಕ್ಕೆ ಠಾಣೆಗೆ ಬಂದೆ. ಟೆಸ್ಟ್ ಅಕ್ಕ ಹೊರಗಿನ ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ‘ನೀನ್ಯಾಕಪ್ಪ ಬಂದೆ? ಹೋಗು, ಡ್ಯೂಟಿಗೆ ತಡ ಆಗುತ್ತೆ’ ಎಂದರು. ತೊಳೆದ ಪಟ್ಟಿ ಹನ್ನೊಂದು, ಬ್ರಶ್, ಸೀಲ್ ಒಡೆದ ಸೀಸೆ ಮತ್ತು ಸೂಚನೆ ಚೀಟಿಯನ್ನು ಹಾಜರುಪಡಿಸಿದ್ದೇನೆ. ಹೊಸದೊಂದು, ತೊಳೆದದ್ದೊಂದು ತೆಗೆದುಕೊಂಡು ಸೀಸೆಯ ಹನಿ ಹಾಕಿದರೆ ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ನೋಡಬಹುದು.

ಬರೆದುಕೊಂಡದ್ದನ್ನು ಠಾಣೆಯ ಬರಹಗಾರರು ನನಗೆ ಓದಿ ಹೇಳಿದರು. ನನ್ನ ವಯಸ್ಸು ನೋಡಿ, ನಾನು ಹೇಳದಿದ್ದರೂ, ‘ಏನೂ ತಿಳಿಯದೆ ಮಾವನ ಮಾತಿನಂತೆ ತೊಳೆದಿರುತ್ತೇನೆ’ ಎಂದು ಒಂದು ಸಾಲು ಸೇರಿಸಿದ್ದರು. ಅದು ನನಗೆ ಒಳ್ಳೆಯದು, ಇರಲಿ ಬಿಡು ಎಂದರು. ಒಂಬತ್ತನೇ ತಾರೀಖಿನವರೆಗೆ ಅದು ನಿಜ. ಆಮೇಲಿನ ನಲವತ್ತಾರು ಪಟ್ಟಿಗಳನ್ನು ತಿಳಿದೇ ತೊಳೆದಿದ್ದೇನೆ. ಅಜ್ಜನ ಎರಡೂ ಪಟ್ಟಿಗಳು ಆ ನಲವತ್ತಾರರಲ್ಲಿ ಸೇರಿವೆ. ಆದ್ದರಿಂದ ಆ ಸಾಲನ್ನು ಹೊಡೆದು ಹಾಕಿಸಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದು ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದು ನಡೆದ ಹಾಗೆಯೇ ಇದೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: ಹದಿನೇಳು, ಬೆಳಿಗ್ಗೆ 11.50
ಹೇಳಿಕೆ ಕೊಟ್ಟವನ ಸಹಿ: (ಸಹಿ ಇದೆ)