ಹೋದ ವರ್ಷದ ರೀಡಿಂಗು

ಜೆರಾಕ್ಸ್ ಅಂಗಡಿಯ ಹುಡುಗಿ ತಲೆ ಎತ್ತದೆ ಲ್ಯಾಬ್ ರೆಕಾರ್ಡಿನ ಪುಟ ತಿರುವುತ್ತಿದ್ದಳು. ಎದುರಿಗೆ ವೈರ್‌ಲೆಸ್ ನೆಟ್‌ವರ್ಕ್ ತರಬೇತಿಯ ಇಬ್ಬರು ಪದವೀಧರೆಯರು. ಹೋದ ವರ್ಷದ ಬ್ಯಾಚಿನವರ ಆ ರೆಕಾರ್ಡ್ ತಂದವಳು ಗೆಳತಿಯನ್ನು ಕೇಳಿದಳು:

"ಇಂಟರ್‌ವ್ಯೂ ಏನಾಯ್ತೇ?"

"ಮೀಟರ್ ಕೊಟ್ಟು, ಈ ರೂಮಲ್ಲಿ ಸಿಗ್ನಲ್ ಎಷ್ಟಿದೆ ಅಳೀರಿ ಅಂದ್ರು."

"ಅಳೆದ್ಯಾ?"

"ಆನ್ ಮಾಡೋದು ಎಲ್ಲಿ ಅಂತ ಕೇಳ್ದೆ."

"ಪಾಪ, ನಮ್ಮ ಲ್ಯಾಬಿನ ಮೀಟರ್ ಬೀರು ಬಿಟ್ಟು ಹೊರಗೆ ಬಂದಿದ್ರೆ ತಾನೆ."

"ನನ್ನ ರೆಕಾರ್ಡ್ ತೋರಿಸ್ದೆ ಕಣೇ. ಇದೇ ರೀಡಿಂಗ್ ಬೆಳಗ್ಗೆಯಿಂದ ನಾಲ್ಕು ಜನರ ಹತ್ರ ನೋಡಿದೀವಮ್ಮ ಅಂದ್ರು."

"ಇನ್ನೊಂದು ಕಂಪನಿ ಬರುತ್ತೆ ಬಿಡು."

"ಇದೇ ಕೊನೇದು. ಅಪ್ಪನಿಗೆ ಇನ್ನೂ ಹೇಳಿಲ್ಲ."

"ಹಾಗಾದ್ರೆ ನಾನು ಇದನ್ನ ಕಾಪಿ ಮಾಡ್ಲೋ, ಬೇಡ್ವೋ?"

"ಮಾಡು. ರೆಕಾರ್ಡ್ ಇಲ್ದೆ ಸರ್ಟಿಫಿಕೇಟ್ ಕೊಡಲ್ಲ."

ಹುಡುಗಿ ಬಿಸಿ ಹಾಳೆಗಳನ್ನು ಜೋಡಿಸಿ ಕೊಟ್ಟಳು. ಮೂರು ವರ್ಷದಿಂದ ಅವೇ ಅಂಕಿಗಳು, ಅವಳಿಗೂ ಬಾಯಿಪಾಠವಾಗಿದ್ದವು. ಗೆಳತಿಯರು ದುಡ್ಡು ಕೊಟ್ಟು ಮೆಟ್ಟಿಲಿಳಿದು ಹೋದರು.